ಲುದ್ವಿನಾ ಕಟ್ಟಿದ ಕೆಂಪೆಲೆ

"ನಾನು ಕೆಂಪೆಲೆ ಕಟ್ಟಿದ್ದು ನನ್ ಮೈದುನನ ಕೈ ತಡೆಯೋಕೆ ಕಣಕ್ಕಾ. ಬೆಳಗಾದ್ರೆ ತೋಟಕ್ಕೋಗಿ ವೆನಿಲ್ಲಾ ಕಾಯಿ ಹಿಚುಕಿ ನೋಡ್ತಿದ್ದ. ಒಂದೊಂದು ಹೂವನ್ನೂ ಕಡ್ಡೀಲಿ ತೀಡಿ ಕಾಯಿ ಕಚ್ಚಿಸಿದವಳು ನಾನು. ತುದಿ ಹಳದಿಗೆ ತಿರುಗ್ಲಿ, ಮಾರಿ ತಗಡಿನ ಸೂರು ಹಾಕ್ಸೋಣ ಅಂದ್ರೆ ಕೇಳ್ಬೇಕಲ್ಲ. ಅದಕ್ಕೇ ಬೇಲಿಗೆ ಗಂಟು ಹಾಕ್ದೆ. ಊರಿಗೆ ಏನೋ ಹೇಳೋಕಲ್ಲ."

ನೆರೆಮನೆಯ ಲುದ್ವಿನಾ ಈಗಲೂ ಇದನ್ನೇ ಹೇಳುತ್ತಾಳೆ. ನಮ್ಮ ಮಾಪ್ರಿಕ್ ಕಡೆ ಕೆಂಪೆಲೆ ಕಟ್ಟಿದ ತೋಟಕ್ಕೆ, ಕಟ್ಟಿದವರೇ ಬಿಚ್ಚುವ ತನಕ, ಮನೆಯವರೂ ಕೈ ಹಾಕುವಂತಿಲ್ಲ. ಆ ವರ್ಷ ವೆನಿಲ್ಲಾಕ್ಕೆ ಎಂದೂ ಕಾಣದ ಬೆಲೆ. ಏರುತ್ತದೆಂದು ನಂಬಿ ಊರೆಲ್ಲ ಮೂರು ವರ್ಷ ಮೊದಲೇ ಗೆಣಸಿನ ಹೊಲ ಅಗೆದು ಬಳ್ಳಿ ನೆಟ್ಟಿತ್ತು.

ಎಲೆ ಕಟ್ಟಿದ ಮರುದಿನ ತೊರೆಯ ಬಳಿ ಹೆಂಗಸರ ಮಾತು ನನ್ನ ಕಿವಿಗೆ ಬಿತ್ತು.

"ಅವಳು ಸುಮ್ನೆ ಕಟ್ಟೋವಳಲ್ಲ. ವೆವಾಕ್ ಪೇಟೇಲಿ ಅವಳಣ್ಣ ಇದಾನೆ."

"ಏನಂದ್ನಂತೆ?"

"ಬೆಲೆ ಬೀಳುತ್ತೆ ಅಂದಿರ್ಬೇಕು, ಇನ್ನೇನು. ಯಾರ ಕೈಗೂ ಸಿಗ್ದಂಗೆ ಎಲೆ ಕಟ್ಟಿ, ಬೀಳೋ ಮುಂಚೆ ತಾನೊಬ್ಳೇ ಕಿತ್ತು ಮಾರ್ತಾಳೆ."

ಮಧ್ಯಾಹ್ನದೊಳಗೆ ಊರಿನ ಬಾಯಲ್ಲಿ ಆ ಅಣ್ಣ ಬೆಲೆ ಬೀಳುವ ದಿನವನ್ನೂ ಹೇಳಿಬಿಟ್ಟಿದ್ದ. ಜನ ಬುಟ್ಟಿ ಹುಡುಕತೊಡಗಿದರು.

ಲುದ್ವಿನಾ ಮನೆಮನೆಗೆ ಓಡಿದಳು. "ಯಾರೂ ಏನೂ ಹೇಳಿಲ್ಲ ಕಣ್ರಪ್ಪ, ಕೀಳ್ಬೇಡಿ. ಎಳೆಗಾಯಿ ಕಂಡ್ರೆ ವ್ಯಾಪಾರಿ ಇತ್ತ ತಲೆನೂ ಹಾಕಲ್ಲ."

ಹಿರಿಯ ಆಲ್ಬನ್ ಅಡಿಕೆ ಜಗಿಯುತ್ತ ಹೇಳಿದ, "ಏನೂ ಇಲ್ಲಾಂದ್ರೆ ಎಲೆ ಬಿಚ್ಚಮ್ಮ. ನಂಬ್ತೀವಿ."

ಬಿಚ್ಚಿದರೆ ಮೈದುನ ಕಾಸ್ಪರ್ ಕಿತ್ತಾನು. ಬಿಚ್ಚದಿದ್ದರೆ ಊರೆಲ್ಲ ತಂತಮ್ಮ ಕಾಯಿ ಕಿತ್ತೀತು. ಗಂಟಿನ ಮೇಲೆ ಕೈಯಿಟ್ಟು ಅವಳು ಎಷ್ಟು ಹೊತ್ತು ನಿಂತಿದ್ದಳೋ. ಬೇಲಿಯ ಸುತ್ತ ಜನ ನೋಡುತ್ತಿದ್ದರು.

"ಕಾಸ್ಪರ್, ನೀನು ಒಳಗೆ ಕಾಲಿಡ್ಬೇಡ," ಎಂದು ಗಂಟು ಬಿಚ್ಚಿದಳು.

ಅವನು ಆಗಲೇ ಒಳಗಿದ್ದ. "ಅತ್ತಿಗೆ, ನಾಳೆಗೆ ಇದು ಮೂರು ಕಾಸಿಗೂ ಹೋಗಲ್ಲ," ಎನ್ನುತ್ತ ಕೈಗೆ ಸಿಕ್ಕಷ್ಟು ಕಿತ್ತ.

"ನೋಡಿ, ಅವರೇ ಕೀಳ್ತಿದಾರೆ," ಎಂದಿತು ಒಂದು ದನಿ. ಆಮೇಲೆ ಯಾರೂ ನಿಲ್ಲಲಿಲ್ಲ. ಕತ್ತಲಾಗುವುದರೊಳಗೆ ಊರಿನ ಬಳ್ಳಿಗಳೆಲ್ಲ ಬರಿದಾದವು.

ವ್ಯಾಪಾರಿ ಬಂದ. ಒಂದು ಕಾಯಿ ಮುರಿದು ಮೂಸಿದ, ಎಸೆದ. ಇನ್ನೊಂದು ಮನೆಯದನ್ನು ಮೂಸಿದ. "ಹುಲ್ಲಿನ ವಾಸನೆ," ಎಂದಷ್ಟೇ ಹೇಳಿ ಗಾಡಿ ಹತ್ತಿದ. ನಮ್ಮೂರ ವೆನಿಲ್ಲಾದ ಬೆಲೆ ಬಿತ್ತು. ಆಲ್ಬನ್ ಮಾತ್ರ, "ನಾನು ಹೇಳಿರ್ಲಿಲ್ವಾ, ಅವಳಿಗೆ ಮೊದ್ಲೇ ಗೊತ್ತಿತ್ತು," ಎಂದು ಇವತ್ತಿಗೂ ಅನ್ನುತ್ತಾನೆ.

ಗೆಣಸಿನ ಹೊಲವಿಲ್ಲದ ಮೇಲೆ ಹೊಟ್ಟೆಗೆ ಸಾಗು ಮರದ ತಿರುಳಿನ ಹಿಟ್ಟೇ ಗತಿ. ಇಂದೂ ಲುದ್ವಿನಾ ತೊರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಮರದ ತಿರುಳು ಹಿಸುಕುತ್ತಿದ್ದಾಳೆ. ಕಾಸ್ಪರ್ ತಲೆಯೆತ್ತದೆ ನೀರು ಹೊಯ್ಯುತ್ತಾನೆ. ಅವಳು ಹಿಂಡುತ್ತಾಳೆ, ಬಿಳಿ ಹಿಟ್ಟು ತಳಕ್ಕೆ ಇಳಿಯುತ್ತದೆ.