ನಾಲ್ಕು ಬೆರಳಿನ ಓರೆ

ತನ್ನನ್ನು ಬಿಟ್ಟು ಲೋಕದಲ್ಲಿ ಇನ್ನೊಬ್ಬರು ಇದ್ದಾರೆ ಎನ್ನುವ ಸಮಾಚಾರ ಈ ತಮ್ಮನಿಗೆ ಅರವತ್ತು ತುಂಬಿದರೂ ತಲುಪಿರಲಿಲ್ಲ. ಕೆಟ್ಟವನೇನಲ್ಲ. ಕೆಟ್ಟವನಾಗಬೇಕಾದರೆ ಎದುರಿಗೆ ಒಬ್ಬರು ಕಾಣಿಸಬೇಕು. ಅವನಿಗೆ ಯಾರೂ ಕಾಣಿಸುತ್ತಲೇ ಇರಲಿಲ್ಲ. ಒಂದೇ ಸೂರಿನಡಿ ಅವನೊಂದಿಗೆ ಬಾಳಿದ ಅಕ್ಕ ಈ ತೀರ್ಮಾನಕ್ಕೆ ಬಂದು ಎಷ್ಟೋ ವರ್ಷಗಳಾಗಿದ್ದವು. ಮೂವತ್ತಮೂರು ವರ್ಷ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕಂಡವರ ಎದೆಗೂಡು ನೋಡಿ ನಿವೃತ್ತಳಾದವಳು ಅವಳು. ಒಳಗಿರುವುದನ್ನು ನೋಡದೆ ತಾನು ಯಾರ ಬಗ್ಗೆಯೂ ಮಾತನಾಡುವುದಿಲ್ಲ ಎನ್ನುವುದು ಅವಳ ಹೆಮ್ಮೆ.

ತೂಕ ಮತ್ತು ಅಳತೆ ಇಲಾಖೆಯಲ್ಲಿ ತಮ್ಮ ಇನ್ಸ್‌ಪೆಕ್ಟರ್ ಆಗಿದ್ದ. ಅಂಗಡಿ ಅಂಗಡಿ ಹತ್ತಿ ತಕ್ಕಡಿ ಪರೀಕ್ಷಿಸುವುದು, ತೂಕದ ಕಲ್ಲುಗಳಿಗೆ ಮುದ್ರೆ ಒತ್ತುವುದು, ಮುದ್ರೆ ಇಲ್ಲದವರ ಮೇಲೆ ಹರಿಹಾಯುವುದು ಅವನ ಕೆಲಸ. ಲಂಚ ಮುಟ್ಟಿದವನಲ್ಲ; ಯಾರೂ ಕೇಳದಿದ್ದರೂ ಅದನ್ನು ಅವನೇ ಹೇಳುತ್ತಿದ್ದ. ಲೋಕವೆಲ್ಲ ಸ್ವಲ್ಪ ಓರೆಯಾಗಿದೆ, ನೆಟ್ಟಗಿರುವವನು ತಾನೊಬ್ಬನೇ ಎಂಬುದು ಅವನ ವೇದಾಂತದ ಸಾರ. ಯಾರದಾದರೂ ಮನೆಗೆ ಹೋದರೆ ಕೂರುವ ಮುಂಚೆ ಗೋಡೆಯ ಕ್ಯಾಲೆಂಡರನ್ನು ನೇರ ಮಾಡುತ್ತಿದ್ದ. ಸಾವಿನ ಮನೆಗೆ ಹೋದಾಗ ಸತ್ತವರ ಫೋಟೋವನ್ನೂ ಬಿಟ್ಟವನಲ್ಲ.

ಇಬ್ಬರೂ ಮದುವೆಯಾಗಲಿಲ್ಲ. ಬಂದ ಗಂಡುಗಳು ಅಕ್ಕನಿಗೆ ಒಪ್ಪಿಗೆಯಾಗಲಿಲ್ಲ; ನೋಡಿದ ಹೆಣ್ಣುಗಳಿಗೆ ತಮ್ಮ ಒಪ್ಪಿಗೆಯಾಗಲಿಲ್ಲ. ವ್ಯತ್ಯಾಸ ಅಷ್ಟೇ.

ನಿವೃತ್ತಿಯಾದ ಮೂರನೆಯ ತಿಂಗಳು ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತ ಕೂತಿದ್ದ ತಮ್ಮನ ಕೈಗೆ ಒಂದು ಹಳೆಯ ಪತ್ರಿಕೆ ಸಿಕ್ಕಿತು. ಅದರಲ್ಲಿ ಗಡ್ಡದವನೊಬ್ಬ ಪಟ್ಟಣ ಬಿಟ್ಟು, ಚಕ್ರದ ಮೇಲಿನ ಪುಟ್ಟ ಮನೆಯೊಂದನ್ನು ರಿಪೇರಿ ಮಾಡಿಕೊಂಡು, ಹಳ್ಳಿಗಾಡಿನಲ್ಲಿ ಸರಳವಾಗಿ ಬದುಕುತ್ತಿದ್ದ. ಮರದ ಮೆಟ್ಟಿಲ ಮೇಲೆ ಕೂತು ಸೂರ್ಯನನ್ನು ನೋಡುತ್ತ ಟೀ ಕುಡಿಯುತ್ತಿರುವ ಫೋಟೋ. ತಮ್ಮ ಆ ಹಾಳೆಯನ್ನು ಹರಿದುಕೊಂಡೇ ಬಂದ. ಗಡ್ಡದವನ ಸರಳ ಜೀವನದ ಬೂಟುಗಳು ಅಂಗಡಿಯಿಂದ ಆಗಷ್ಟೇ ಇಳಿದಂತೆ ಹೊಳೆಯುತ್ತಿರುವುದನ್ನು ಅಕ್ಕ ಬೆರಳಿಟ್ಟು ತೋರಿಸಿದಳು. ಅವನು ನೋಡಲಿಲ್ಲ.

ವಾರ ಕಳೆದ ಮೇಲೆ ಊಟದ ನಡುವೆ ಹೇಳಿದ: "ಅಕ್ಕಾ, ನಾವು ಹಳ್ಳಿಗೆ ಹೋಗ್ತಿದ್ದೀವಿ."

"ಯಾರ ಮದುವೆಗೆ?"

"ಮದುವೆಗಲ್ಲ, ಇರೋದಕ್ಕೆ. ಟ್ರೇಲರ್ ನೋಡಿದ್ದೀನಿ. ಜಾಗಾನೂ ನೋಡಿದ್ದೀನಿ. ಬರೋ ತಿಂಗಳು ಬೀಗದ ಕೈ ಕೊಡ್ತೀವಿ ಅಂತ ಮನೆ ಓನರಿಗೂ ಹೇಳಿಬಿಟ್ಟಿದ್ದೀನಿ."

"ನನ್ನನ್ನ ಕೇಳಿದ್ಯೇನೋ?"

"ಈಗ ಹೇಳ್ತಾ ಇದ್ದೀನಲ್ಲ."

ಅಕ್ಕ ತುತ್ತು ನುಂಗಿ, ಎದ್ದು ಕೈ ತೊಳೆದಳು. ಬಾಡಿಗೆ ಕರಾರು ತಮ್ಮನ ಹೆಸರಿನಲ್ಲಿತ್ತು. ಇಪ್ಪತ್ತೆರಡು ವರ್ಷ ಅವಳು ಒರೆಸಿದ ನೆಲಕ್ಕೆ ಅವಳ ಸಹಿ ಬೇಕಿರಲಿಲ್ಲ.

ಟ್ರೇಲರ್ ಎಂದರೆ ಕಣ್ಣಿನ ಆಸ್ಪತ್ರೆಯವರು ಊರೂರಿಗೆ ಎಳೆದೊಯ್ದು ಜನರ ಕಣ್ಣು ಪರೀಕ್ಷಿಸುತ್ತಿದ್ದ ತಗಡಿನ ಕೋಣೆ. ಹದಿನಾರು ಅಡಿ ಉದ್ದ, ಏಳು ಅಡಿ ಅಗಲ, ಎರಡು ಚಕ್ರ. ಹನ್ನೆರಡು ವರ್ಷದಿಂದ ಆಸ್ಪತ್ರೆಯ ಹಿಂದೆ ಬಿದ್ದಿತ್ತು. ಒಳಗೋಡೆಯಲ್ಲಿ ಅಕ್ಷರಗಳ ಹಲಗೆ ಇನ್ನೂ ಇತ್ತು. ಮೇಲಿನ ದೊಡ್ಡ ಅಕ್ಷರಗಳನ್ನೆಲ್ಲ ಗೆದ್ದಲು ತಿಂದು, ಯಾರಿಗೂ ಕಾಣದ ಕೊನೆಯ ಸಾಲನ್ನು ಮಾತ್ರ ಭದ್ರವಾಗಿ ಉಳಿಸಿತ್ತು. ಅದನ್ನು ಹಳ್ಳಿಗೆ ಎಳೆಸಿದ್ದಾಯಿತು. ಹಿಂದೆಯೇ ಸರಳ ಜೀವನಕ್ಕೆ ಬೇಕಾದ ಸಾಮಾನುಗಳು ಬಂದವು: ಡ್ರಿಲ್ಲು ಮೂರು, ಗರಗಸ ಐದು, ಜನರೇಟರ್ ಒಂದು, ಅದು ಕೆಟ್ಟರೆ ಎಂದು ಇನ್ನೊಂದು, ಮೊಳೆಗಳನ್ನು ಅಳತೆವಾರು ತುಂಬಿದ ನಲವತ್ತು ಡಬ್ಬಿ. ಪಟ್ಟಣದ ಜಂಜಾಟದ ಬದುಕಿಗೆ ಒಂದು ಲಾರಿ ಸಾಕಾಗಿತ್ತು. ಸರಳತೆಗೆ ಎರಡು ಬೇಕಾದವು.

ಜಾಗ ಕೋಳಿ ಸಾಕುವ ಹೆಂಗಸೊಬ್ಬಳದು; ಊರಿನವರಿಗೆ ಅವಳು ಕೋಳಿಯಮ್ಮ. ಟ್ರೇಲರ್ ವಾಸಕ್ಕೆ ಯೋಗ್ಯವಾಗುವವರೆಗೆ ಇರಲಿ ಎಂದು ಕೋಳಿ ತಿಂಡಿಯ ಮೂಟೆ ಇಡುವ ಕೋಣೆಯನ್ನು ಬಿಟ್ಟುಕೊಟ್ಟಳು. ಎರಡನೆಯ ದಿನವೇ ಅಕ್ಕನನ್ನು ಪಕ್ಕಕ್ಕೆ ಕರೆದು ಕೇಳಿದಳು: "ಅಮ್ಮಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ತಮ್ಮ ಪಟ್ಟಣದಲ್ಲಿ ಏನಾದ್ರೂ ಮಾಡಿಕೊಂಡು ಓಡಿ ಬಂದವರಾ?"

"ಇಲ್ಲಮ್ಮ. ನೆಮ್ಮದಿ ಹುಡುಕ್ಕೊಂಡು ಬಂದಿದ್ದಾನೆ."

"ಇಲ್ಲಿಗಾ?" ಕೋಳಿಯಮ್ಮ ಆರುನೂರು ಕೋಳಿಗಳು ಏಕಕಾಲಕ್ಕೆ ಕಿರುಚುತ್ತಿದ್ದ ಶೆಡ್ಡಿನ ಕಡೆ ನೋಡಿದಳು. "ಸಿಕ್ಕಿದ್ರೆ ನನಗೂ ಸ್ವಲ್ಪ ಕೊಡೋಕೆ ಹೇಳಿ."

ಅಕ್ಕ ಒಂದು ತಿಂಗಳು ತಾಳಿದಳು. ಆಮೇಲೆ, ಟ್ರೇಲರಿನ ಕೆಳಗೆ ತಮ್ಮ ಅಂಗಾತ ಮಲಗಿ ತುಕ್ಕು ಕೆರೆಯುತ್ತಿದ್ದಾಗ, ಅವನ ಪಾದಗಳನ್ನು ಉದ್ದೇಶಿಸಿ ಮಾತನಾಡಿದಳು. ಅವನು ತಪ್ಪಿಸಿಕೊಂಡು ಹೋಗಲಾಗದ ಗಳಿಗೆ ಅದೊಂದೇ ಆಗಿತ್ತು.

"ಕೇಳಿಸ್ತಿದೆಯೇನೋ? ನಮ್ಮ ಆಸ್ಪತ್ರೆಯ ಹಳೇ ಮ್ಯಾಟ್ರನ್ ಇದ್ದಾಳಲ್ಲ, ಈಗ ವಯಸ್ಸಾದ ಹೆಂಗಸರ ಹಾಸ್ಟೆಲ್ ನಡೆಸ್ತಿದ್ದಾಳೆ. ನನಗೆ ಅಂತ ಒಂದು ರೂಮು ಇಟ್ಟಿದ್ದಾಳೆ. ಮಳೆಗಾಲ ಶುರುವಾಗೋ ತಿಂಗಳ ಕೊನೆವರೆಗೆ ಕಾಯ್ತಾಳೆ, ಆಮೇಲೆ ಇಲ್ಲ. ಮೊದಲನೇ ಮಳೆ ಬರಲಿ. ನಿನ್ನ ಡಬ್ಬಿಯೊಳಗೆ ಒಂದೇ ಒಂದು ಹನಿ ಬಿದ್ರೂ ನಾನು ಹೊರಟೆ."

ಕೆರೆಯುವ ಸದ್ದು ನಿಂತಿತು. ಕೆಳಗಿನಿಂದ ದನಿ ಬಂತು: "ಹನಿಯಂತೆ ಹನಿ. ಗಾಳಿ ಕೂಡ ನನ್ನ ಕೇಳಿ ಒಳಗೆ ಬರುತ್ತೆ, ನೋಡ್ತಿರು."

ಅಂದಿನಿಂದ ಅವನು ಮೋಡ ನೋಡುವುದನ್ನು ಕಲಿತ. ತಾನು ಹೋದರೆ ಟೀ ಕಾಸುವವರು ಯಾರು ಎಂಬುದೇ ಅವನ ಚಿಂತೆ ಎಂದು ಅಕ್ಕ ಲೆಕ್ಕ ಹಾಕಿದಳು. ಸ್ಟವ್ ಹಚ್ಚುವುದಕ್ಕೂ ಅವನಿಗೆ ಬರುತ್ತಿರಲಿಲ್ಲ.

ಆದರೆ ಕೆಲಸ ಬರುತ್ತಿತ್ತು, ಅದನ್ನು ಒಪ್ಪಲೇಬೇಕು. ಕೊಳೆತ ನೆಲದ ಹಲಗೆಗಳನ್ನೆಲ್ಲ ಕಿತ್ತು ಹೊಸದು ಹಾಕಿದ. ಚಾವಣಿಯ ತಗಡುಗಳ ರಿವೆಟ್ಟುಗಳನ್ನು ಒಂದೊಂದಾಗಿ ಕೊರೆದು ತೆಗೆದು, ಕೂಡುವಲ್ಲೆಲ್ಲ ಅಂಟು ತುಂಬಿ, ಮತ್ತೆ ಹೊಡೆದ. ಕಿಟಕಿಗಳಿಗೆ ಹೊಸ ರಬ್ಬರ್ ಕೂರಿಸಿದ. ಬೆಳಗಿನಿಂದ ಸಂಜೆಯವರೆಗೆ ಯಾರೊಂದಿಗೂ ಮಾತಿಲ್ಲ. ನಾಲ್ಕು ತಿಂಗಳಲ್ಲಿ ಕೈಬೆರಳಿನ ಮೂರು ಉಗುರು ಕಪ್ಪಾಗಿ ಉದುರಿದವು. ಅಕ್ಕ ಔಷಧಿ ಹಚ್ಚಿದಳು, ಬೈದಳು. ಅವನು ಕೈ ಚಾಚಿಕೊಂಡು ಚಾವಣಿ ನೋಡುತ್ತಿದ್ದ.

ಕೊನೆಗೆ ಉಳಿದದ್ದು ಟ್ರೇಲರನ್ನು ಚಕ್ರದಿಂದ ಎತ್ತಿ, ನಾಲ್ಕು ಮೂಲೆಗೆ ಜಾಕು ಕೊಟ್ಟು ನಿಲ್ಲಿಸುವುದು. ಅದಕ್ಕೆ ಕೂಡುರಸ್ತೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಮೆಕ್ಯಾನಿಕ್ ಬಂದ. ಐವತ್ತರ ಆಸುಪಾಸಿನ ಆಸಾಮಿ. ಎಂಜಿನ್ನಿನ ಜೊತೆ ಗಟ್ಟಿಯಾಗಿ, ಮನುಷ್ಯರ ಜೊತೆ ಮೆಲ್ಲಗೆ ಮಾತನಾಡುವವನು. ಅವನು ಏಣಿ ಹತ್ತಿ ಚಾವಣಿ ನೋಡಿ ಇಳಿದ.

"ಸಾರ್, ಹಿಂದಿನ ಭಾಗ ನಾಲ್ಕು ಬೆರಳು ತಗ್ಗಿಸಿ ನಿಲ್ಲಿಸೋಣ."

"ಯಾಕೆ?"

"ಚಾವಣಿ ಸುತ್ತ ಗೇಣೆತ್ತರ ಅಂಚಿದೆ. ನೀರು ಹೋಗೋ ತೂತು ಇರೋದು ಹಿಂದೆ ಮಾತ್ರ. ಓರೆ ಇಟ್ರೆ ನೀರು ತಾನೇ ಇಳಿದು ಹೋಗುತ್ತೆ."

ತಮ್ಮ ತನ್ನ ಪೆಟ್ಟಿಗೆಯಿಂದ ರಸಮಟ್ಟ ತೆಗೆದ. ಗಾಜಿನ ನಳಿಗೆಯೊಳಗಿನ ಗುಳ್ಳೆ ನಡುವೆ ನಿಂತರೆ ನೆಲ ಸಮ, ಕದಲಿದರೆ ಓರೆ ಎಂದು ಹೇಳುವ ಆ ಸಾಧನವನ್ನು ಮೆಕ್ಯಾನಿಕ್ಕನ ಮೂಗಿನ ನೇರಕ್ಕೆ ಹಿಡಿದ. "ಇದು ಏನು ಗೊತ್ತೇನಪ್ಪ? ಮೂವತ್ತೈದು ವರ್ಷ ಒಂದು ಕೂದಲೆಳೆ ಓರೆಗೂ ನೋಟಿಸು ಕೊಟ್ಟವನು ನಾನು. ನನ್ನ ಮನೆಯನ್ನೇ ಓರೆಯಾಗಿ ನಿಲ್ಲಿಸಲಾ?"

"ನೋಟಿಸು ಅಂಗಡಿಯವನಿಗೆ ಕೊಡಬಹುದು ಸಾರ್. ನೀರಿಗೆ?"

"ನೀನು ಜಾಕು ತಿರುಗಿಸು."

ಮೂರು ದಿನ ಜಾಕು ತಿರುಗಿತು. ಮೇಲೆ, ಕೆಳಗೆ, ಕಾಗದದಷ್ಟು ಮೇಲೆ, ಉಸಿರಿನಷ್ಟು ಕೆಳಗೆ. ಕೊನೆಗೆ ಗುಳ್ಳೆ ನಟ್ಟನಡುವೆ ನಿಂತು ಅಲುಗಾಡಲಿಲ್ಲ. ಆ ಭಾಗದಲ್ಲಿ ಅದಕ್ಕಿಂತ ಸಮವಾದ ವಸ್ತು ಇನ್ನೊಂದಿರಲಿಲ್ಲ. ಊರಿನವರು ಅವನಿಗೆ ರಸಮಟ್ಟ ಸಾರ್ ಎಂದು ಹೆಸರಿಟ್ಟರು. ಅವನು ಅದನ್ನು ಬಿರುದು ಎಂದುಕೊಂಡ.

ಅಕ್ಕ, ತಮ್ಮ ಇಬ್ಬರೂ ಒಳಗೆ ವಾಸಕ್ಕೆ ಬಂದರು. ಮುಂದಿನ ತುದಿಗೆ ತಮ್ಮನ ಮಂಚ, ಹಿಂದಿನ ತುದಿಗೆ ಅಕ್ಕನದು, ಎರಡೂ ಅಗಲಕ್ಕೆ ಅಡ್ಡಲಾಗಿ. ನಡುವೆ ಅಡುಗೆಯ ಕಟ್ಟೆ, ಒಂದು ಮೇಜು, ಎರಡು ಕುರ್ಚಿ. ತಮ್ಮ ಮೆಟ್ಟಿಲ ಮೇಲೆ ಕೂತು ಸೂರ್ಯನನ್ನು ನೋಡುತ್ತ ಟೀ ಕುಡಿಯಲು ಪ್ರಯತ್ನಿಸಿದ. ಸೂರ್ಯ ಕೋಳಿ ಶೆಡ್ಡಿನ ಹಿಂದೆ ಹುಟ್ಟುತ್ತಿದ್ದ.

ತಿಂಗಳು ಮುಗಿಯಲು ಐದು ದಿನ ಇರುವಾಗ ಮಧ್ಯಾಹ್ನದ ಹೊತ್ತಿಗೆ ಮಳೆ ಬಂತು. ಅಕ್ಕ ಊಟ ಮುಗಿಸಿ ಮಂಚದ ಮೇಲೆ ಪೇಪರ್ ಓದುತ್ತಿದ್ದಳು. ತಗಡಿನ ಮೇಲೆ ಕಲ್ಲು ಸುರಿದಂತೆ ಸದ್ದು. ನಟ್ಟನಡುವೆ ನಿಂತ ತಮ್ಮ ಒಂದೊಂದೇ ಮೂಲೆಯನ್ನು ಕಣ್ಣಿನಿಂದ ಒರೆಸಿದ. ಅರ್ಧ ಗಂಟೆಯಾಯಿತು. ಮುಕ್ಕಾಲು ಗಂಟೆಯಾಯಿತು. ಒಂದು ಹನಿ ಇಲ್ಲ. ಮಳೆ ತೆಳುವಾಗಿ, ನಿಂತೇಹೋಯಿತು.

"ಏನಕ್ಕಾ?" ಎಂದ ತಮ್ಮ. ಅವನ ಮುಖದಲ್ಲಿ ಅಂಥ ಬೆಳಕನ್ನು ಅಕ್ಕ ಕಂಡಿರಲಿಲ್ಲ.

ಅವಳು ಉತ್ತರ ಕೊಡುವ ಮುಂಚೆ ಪೇಪರಿನ ಮೇಲೆ ಟಪ್ ಎಂದಿತು. ಇಬ್ಬರೂ ತಲೆ ಎತ್ತಿದರು. ಚಾವಣಿ ಅವಳ ತಲೆಯ ಮೇಲೆ ಹೊಟ್ಟೆ ಬಿಟ್ಟಂತೆ ಕೆಳಗೆ ಇಳಿದಿತ್ತು. ಸಮವಾದ ಚಾವಣಿಯ ಮೇಲೆ ನೀರು ಕೆರೆಯಂತೆ ನಿಂತು, ಎತ್ತ ಹೋಗುವುದೆಂದು ತಿಳಿಯದೆ, ಭಾರಕ್ಕೆ ಒಂದು ಕೂಡುಜಾಗ ಬಾಯಿ ಬಿಟ್ಟಿತ್ತು. ಟಪ್ ಟಪ್ ಎನ್ನುತ್ತಿದ್ದದ್ದು ಧಾರೆಯಾಯಿತು. ಹೊರಗೆ ಮಳೆ ನಿಂತ ಮೇಲೆ ಒಳಗೆ ಶುರುವಾಯಿತು.

ಅಕ್ಕ ಒದ್ದೆ ಪೇಪರನ್ನು ಮಡಿಸಿ ಬದಿಗಿಟ್ಟಳು. ಎಕ್ಸ್‌ರೇ ಕೋಣೆಯಲ್ಲಿ ರೋಗಿಗಳಿಗೆ ಹೇಳುತ್ತಿದ್ದ ದನಿಯಲ್ಲಿ, ಏರಿಳಿತವಿಲ್ಲದೆ ಹೇಳಿದಳು: "ಆಯ್ತು. ಮುಗೀತು. ಬಟ್ಟೆ ಹಾಕ್ಕೊಂಡು ಹೊರಗೆ ಕೂತ್ಕೊಳ್ಳಿ."

ಸಂಜೆಯೊಳಗೆ ಟ್ರಂಕು ತುಂಬಿದಳು. ಬೆಳಗ್ಗೆ ಒಂಬತ್ತಕ್ಕೆ ಬಸ್ಸಿಗೆ ಮುಟ್ಟಿಸಲು ಮೆಕ್ಯಾನಿಕ್ಕನಿಗೆ ಹೇಳಿ ಕಳಿಸಿದಳು. ಮಲಗಲು ಕೋಳಿಯಮ್ಮನ ಮನೆಗೆ ಹೋದಳು. ಇಷ್ಟಾದರೂ ತಮ್ಮ ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ, ತಪ್ಪಾಯಿತು ಎನ್ನುವುದಂತೂ ದೂರವೇ ಉಳಿಯಿತು. ಕೈಯಲ್ಲಿ ಬಕೆಟ್ ಹಿಡಿದು ಚಾವಣಿಯ ಹೊಟ್ಟೆಯನ್ನೇ ನೋಡುತ್ತಿದ್ದ.

ಬೆಳಗ್ಗೆ ಎಂಟೂವರೆಗೆ ಅಕ್ಕ ವಾಪಸು ಬಂದಾಗ ಟ್ರ್ಯಾಕ್ಟರ್ ಆಗಲೇ ನಿಂತಿತ್ತು. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಿದ್ದ. ಟ್ರೇಲರಿನ ಹಿಂಭಾಗ ಕೆಳಗಿಳಿದಿತ್ತು.

"ಸಾರ್ ಆರು ಗಂಟೆಗೇ ಬಂದು ಬಾಗಿಲು ಬಡಿದ್ರು ಅಮ್ಮಾ. ತಗ್ಗಿಸು ಅಂದ್ರು. ನಾಲ್ಕು ಬೆರಳು."

"ನೀನು ಹೇಳಿದ್ದೇ ಸರಿ ಅಂದನಾ?"

"ಅಯ್ಯೋ, ಹಾಗೆಲ್ಲ ಅಂದಾರಾ? ಈ ಊರಿನ ಮಳೆ ಸರಿಯಿಲ್ಲ ಅಂದ್ರು."

ಅಕ್ಕನಿಗೆ ನಗು ಬಂತು. ಅರವತ್ತು ವರ್ಷದಲ್ಲಿ ಸರಿಯಿಲ್ಲದವರ ಪಟ್ಟಿಗೆ ಈಗ ಮಳೆಯೂ ಸೇರಿತು. ಹೋಗುವುದೇ ಸರಿ ಎನ್ನುವುದು ಇನ್ನಷ್ಟು ಗಟ್ಟಿಯಾಯಿತು. ಟ್ರಂಕು ಟ್ರ್ಯಾಕ್ಟರಿಗೆ ಏರಿತು. ಓದುವ ಕನ್ನಡಕ ಒಳಗೆ ಉಳಿದದ್ದು ನೆನಪಾಗಿ ಅವಳು ಮೆಟ್ಟಿಲು ಹತ್ತಿದಳು.

ಕಟ್ಟೆಯ ಬಳಿ ತಮ್ಮ ಅವಳಿಗೆ ಬೆನ್ನು ಹಾಕಿ ನಿಂತಿದ್ದ. ಅವಳು ತನ್ನ ಮಂಚದ ಮೇಲೆ ಕೂತು ದಿಂಬಿನ ಕೆಳಗೆ ಕೈ ಹಾಕಿದಳು. ಕನ್ನಡಕ ಸಿಕ್ಕಿತು. ಏಳಬೇಕು ಎನ್ನುವಾಗ ಏನೋ ಹೊಂದಲಿಲ್ಲ. ಪಾದದ ಕೆಳಗೆ ನೆಲ ಹಿಂದಕ್ಕೆ ಜಗ್ಗುತ್ತಿತ್ತು, ಮಂಚ ಜಗ್ಗುತ್ತಿರಲಿಲ್ಲ. ಬಗ್ಗಿ ನೋಡಿದಳು. ಹಿಂಬದಿಯ ಎರಡು ಕಾಲುಗಳ ಕೆಳಗೆ ತೆಳು ಹಲಗೆಯ ಬಿಲ್ಲೆಗಳು. ಒಂದರ ಮೇಲೊಂದು ಅಂಟಿಸಿ, ಅಂಚು ಉಜ್ಜಿ ನುಣುಪು ಮಾಡಿ, ಕಾಲು ಜಾರದಂತೆ ನಡುವೆ ಗುಳಿ ತೋಡಿತ್ತು. ಮಂಚದ ಮೇಲಿನ ಹಾಸಿಗೆ ಒಣಗಿತ್ತು; ಅದು ತಮ್ಮನ ಹಾಸಿಗೆ.

ಅವಳು ಅವನ ಮಂಚದ ಕಡೆ ನೋಡಿದಳು. ಅದರ ಮೇಲೆ ಅವಳ ಒದ್ದೆ ಹಾಸಿಗೆ. ಕಾಲುಗಳ ಕೆಳಗೆ ಏನೂ ಇಲ್ಲ.

"ಇದೇನೋ ಇದು?"

"ಏನು?"

"ನನ್ನ ಮಂಚಕ್ಕೆ ಹಲಗೆ ಕೊಟ್ಟಿದ್ದೀಯಲ್ಲ."

"ನೀನು ಹೋದ್ರೂ ಮಂಚ ಇಲ್ಲೇ ಇರುತ್ತಲ್ಲ. ಓರೆಯಾಗಿದ್ರೆ ನೋಡೋಕೆ ಚೆನ್ನಾಗಿರಲ್ಲ."

"ನಿಂದು?"

"ಹಲಗೆ ಸಾಲಲಿಲ್ಲ."

ಅವನ ಆಚೆಗಿನ ಕಿಟಕಿಯಲ್ಲಿ ನಾಲ್ಕು ತಿಂಗಳು ಕೊಯ್ದು ಉಳಿದ ಹಲಗೆ ಚೂರುಗಳ ರಾಶಿ ಸೊಂಟದೆತ್ತರಕ್ಕೆ ಕಾಣುತ್ತಿತ್ತು.

ಹೊರಗೆ ಹಾರ್ನ್ ಆಯಿತು. "ಅಮ್ಮಾ, ಬಸ್ಸು ತಪ್ಪುತ್ತೆ!"

ಅಕ್ಕ ಕನ್ನಡಕ ಹಾಕಿಕೊಂಡಳು, ತೆಗೆದಳು. ಬಾಗಿಲಿನತ್ತ ತಿರುಗಿ ಕೂಗಿದಳು: "ಟ್ರಂಕು ಇಳಿಸಪ್ಪ. ತಿಂಗಳು ಮುಗಿಯೋಕೆ ಇನ್ನೂ ನಾಲ್ಕು ದಿನ ಇದೆ. ಇನ್ನೊಂದು ಮಳೆ ನೋಡಿಯೇ ಹೋಗ್ತೀನಿ."

ತಮ್ಮ ತನ್ನ ಮಂಚಕ್ಕೆ ಹೋಗಿ ಒದ್ದೆ ಹಾಸಿಗೆಯ ಮೇಲೆ ಅಡ್ಡಾದ. ಬೇರೆ ಯಾರಿಗೂ ಗೊತ್ತಾಗದಷ್ಟು ಓರೆ ಅದು. ಅವನು ಕಣ್ಣು ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. ಮೆಲ್ಲಗೆ ಒಂದು ಕೈ ಚಾಚಿ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.