ಪ್ಯಾನೆಲಿಗೆ ಹೊದಿಸಿದ ಗೋಣಿಚೀಲ

ಕಾನ್ವೆಂಟಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್ ಒಮ್ಮೆ ಹಳೇ ಸೈಕಲ್ಲನ್ನು ಕ್ಲಾಸಿಗೇ ತಂದು, ಚಕ್ರ ತಿರುಗಿಸಿ, ಡೈನಮೋದಿಂದ ಪುಟ್ಟ ಬಲ್ಬು ಹೊತ್ತಿಸಿದ್ದರು. "ಸಮ್‌ಥಿಂಗ್ ಮಸ್ಟ್ ಟರ್ನ್, ಗರ್ಲ್ಸ್" ಎಂದಿದ್ದರು. ಅದನ್ನು ಇಷ್ಟು ವರ್ಷ ನಂಬಿಕೊಂಡೇ ಬಂದೆ. ನೀರು ಧುಮುಕಿ ಟರ್ಬೈನ್ ತಿರುಗುತ್ತದೆ, ಗಾಳಿಗೆ ರೆಕ್ಕೆ ತಿರುಗುತ್ತದೆ, ಆಮೇಲೆ ಕರೆಂಟು. ಹಾಗಾಗಿ ಮರಳವಾಡಿಯ ನನ್ನ ನಾದಿನಿ ರೇಷ್ಮೆಹುಳುವಿನ ಮನೆಯ ತಾರಸಿಗೆ ಸೋಲಾರ್ ಪ್ಯಾನೆಲ್ ಹಾಕಿಸಿದ ಬೇಸಿಗೆಯಲ್ಲಿ, ಅಲ್ಲಿಗೆ ಹೋದವಳು ದಿನವೂ ಮೆಟ್ಟಿಲು ಹತ್ತಿ ಅದರ ಮುಂದೆ ನಿಲ್ಲುತ್ತಿದ್ದೆ. ಏನೂ ಅಲ್ಲಾಡುತ್ತಿರಲಿಲ್ಲ. ಸದ್ದೂ ಇಲ್ಲ.

"ಅದೇನು ದೇವ್ರಾ ಅತ್ಗೆ, ಹಂಗ್ ನಿಂತ್ಕಂಡು ನೋಡ್ತೀರಲ್ಲ" ಎಂದು ನಾದಿನಿ ನಗುತ್ತಿದ್ದಳು.

ಪುಸ್ತಕ ಹುಡುಕಿ ನಾನು ತಿಳಿದುಕೊಂಡದ್ದು ಇಷ್ಟು. ಬೆಳಕು ಬಿದ್ದಾಗ ಸಿಲಿಕಾನ್ ಹಾಳೆಯೊಳಗಿನ ಎಲೆಕ್ಟ್ರಾನುಗಳು ಎದ್ದು ಹೊರಡುತ್ತವೆ; ಹೋಗಲು ದಾರಿ ಒಂದೇ ಕಡೆಗೆ. ಕಾನ್ವೆಂಟಿನಲ್ಲಿ ಅಸೆಂಬ್ಲಿ ಮುಗಿದ ಮೇಲೆ ನಾವು ಹುಡುಗಿಯರು ಒಂದೇ ಬಾಗಿಲಿನಿಂದ ಸಾಲಾಗಿ ಹೊರಡುತ್ತಿದ್ದ ಹಾಗೆ. ಆ ಸಾಲೇ ಕರೆಂಟು.

ಒಂದು ದಿನ ಲೈನ್ ರಿಪೇರಿ ಎಂದು ಊರಿಗೆಲ್ಲ ಕರೆಂಟಿರಲಿಲ್ಲ. ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಗೂಡು ಕಟ್ಟುವ ಮುಂಚಿನ ದೊಡ್ಡ ಹಸಿವಿನಲ್ಲಿದ್ದವು. ಆಗ ಸೆಕೆ ಏರಿದರೆ ಸಪ್ಪೆ ರೋಗ ಬಂದು ಇಡೀ ಬೆಳೆ ಹೋಗುತ್ತದೆ. ಅಂದು ಫ್ಯಾನುಗಳಿಗೆ ಪ್ಯಾನೆಲ್ಲೇ ಗತಿ. ಮಧ್ಯಾಹ್ನದ ಹೊತ್ತಿಗೆ, ಅಷ್ಟು ಬಿಸಿಲಿದ್ದೂ, ಫ್ಯಾನುಗಳು ತೂಕಡಿಸತೊಡಗಿದವು. ಹುಳುಗಳು ಸೊಪ್ಪು ಮುಟ್ಟದೆ ತಲೆ ಇಳಿಬಿಟ್ಟವು.

ನಾದಿನಿ ಒದ್ದೆ ಗೋಣಿಚೀಲ ಹೊತ್ತು ತಾರಸಿಗೆ ಓಡಿದಳು. ನಾನು ಏದುಸಿರು ಬಿಡುತ್ತಾ ಹಿಂದೆ ಹೋದೆ. ಎರಡು ಪ್ಯಾನೆಲಿಗೆ ಆಗಲೇ ಗೋಣಿ ಹೊದಿಸಿದ್ದಳು. ಈಗ ಮೂರನೆಯದಕ್ಕೆ!

"ಇದ್ಯಾಕೆ ಕಣಮ್ಮ?"

"ಕೈ ಇಟ್ರೆ ಸುಡ್ತದೆ ಅತ್ಗೆ. ಬಿಸಿಯಾದ್ರೆ ಕರೆಂಟ್ ಕಮ್ಮಿ ಮಾಡ್ತದೆ ಅಂತ ಹಾಕ್ದೋರೇ ಹೇಳವ್ರೆ. ಹುಳಿನ ಮನೆ ಕಿಟಕಿಗೂ ಇದೇ ಅಲ್ವಾ ಕಟ್ಟೋದು?"

ಅವಳ ಮಾತು ಅರ್ಧ ನಿಜ. ಬಿಸಿಯಾದರೆ ಪ್ಯಾನೆಲ್ ಸ್ವಲ್ಪ ಸೊರಗುತ್ತದೆ. ಅದಕ್ಕೆ ಬೇಕಾದ್ದು ಬೆಳಕು, ಶಾಖವಲ್ಲ. ಆದರೆ ಗೋಣಿ ತಡೆದದ್ದು ಆ ಬೆಳಕನ್ನೇ. ಪ್ಯಾನೆಲ್ಲುಗಳನ್ನು ಒಂದಕ್ಕೊಂದು ಸಾಲಾಗಿ ಜೋಡಿಸಿದ್ದರಿಂದ, ಮುಚ್ಚಿದವು ಉಳಿದವುಗಳ ಕರೆಂಟನ್ನೂ ತಡೆಯುತ್ತಿದ್ದವು. ಸಾಲಿನಲ್ಲಿ ಒಬ್ಬಳು ಶೂಲೇಸ್ ಕಟ್ಟಲು ನಿಂತರೆ ಹಿಂದಿನವರೆಲ್ಲ ನಿಂತಂತೆ.

"ಒಂದ್ಸಲ ತೆಗೆದು ನೋಡೋಣ, ಜಸ್ಟ್ ಒನ್ಸ್" ಎಂದೆ.

"ಸುಟ್ಟೋದ್ರೆ?"

"ವರ್ಷವಿಡೀ ಅದು ಬಿಸಿಲಲ್ಲೇ ಇರಬೇಕಾದ್ದಲ್ಲವೇನಮ್ಮ?"

ಅವಳು ಮನಸ್ಸಿಲ್ಲದೆ ಒಂದೊಂದೇ ಎಳೆದಳು. ಕೆಳಗೆ ಸೋಲಾರ್ ಮೀಟರಿನ ಮುಂದೆ ನಿಂತಿದ್ದ ಅವಳ ಗಂಡ ಕೂಗಿದರು: "ಏರ್ತಾ ಐತೆ ಕಣಕ್ಕೋ! ಏನ್ ಮಾಡುದ್ರಿ?"

"ನಿಮ್ಮ ಹೆಂಡತಿ ಹೊದಿಸಿದ್ದ ಗೋಣಿ ತೆಗೆದ್ವಿ."

"ಹುಳಕ್ಕೂ ಗೋಣಿ, ಕರೆಂಟ್ಗೂ ಗೋಣಿ. ನಾಳೆ ನಂಗೂ ಹೊದಿಸ್ಬುಡ್ತಾಳೆ."

"ನಿಮ್ಗೆ ಒಂದು ಸಾಲಾಕಿಲ್ಲ ಬುಡಿ" ಎಂದಳು ನಾದಿನಿ, ಆ ಗೋಣಿಗಳನ್ನು ಕಿಟಕಿಗೆ ಕಟ್ಟಲು ಇಳಿಯುತ್ತಾ.

ಫ್ಯಾನುಗಳು ಮತ್ತೆ ಮೊದಲಿನಂತೆ ಬೀಸತೊಡಗಿದವು. ನಾವು ಮೂವರೂ ಹುಳುಗಳ ತಟ್ಟೆಗಳ ಪಕ್ಕ ಬಗ್ಗಿ ನೋಡುತ್ತಾ ನಿಂತೆವು. ಮೊದಲು ಒಂದು ಹುಳು ತಲೆಯೆತ್ತಿ ಎಲೆಯ ಅಂಚು ಹಿಡಿಯಿತು, ಆಮೇಲೆ ಅದರ ಪಕ್ಕದ್ದು. ನಾದಿನಿ ಸೆರಗಿನಿಂದ ಮುಖ ಒರೆಸಿಕೊಂಡು ಸೊಪ್ಪು ತರಲು ಹೋದಳು.

ನಾನು ಮಾತ್ರ ಫ್ಯಾನನ್ನೇ ನೋಡುತ್ತಾ ಉಳಿದೆ. ಮೇಲೆ ಏನೂ ತಿರುಗದೆ, ಇಲ್ಲಿ ಅದು ತಿರುಗುತ್ತಿತ್ತು. ಸಿಸ್ಟರಿಗೆ ತೋರಿಸಬೇಕಿತ್ತು.