ಹಸನಬ್ಬ ಕಾಕನ ತಂತಿ

ಹಸನಬ್ಬ ಕಾಕ ಯಾವ ಮೆಷಿನ್ನನ್ನೂ ಬಂದ ಕೂಡಲೇ ಬಿಚ್ಚುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಆಗ ಯಾರಾದರೂ ಬಾಯಿ ತೆರೆದರೆ ಎಡಗೈ ಎತ್ತುವರು. ಆ ಕೈ ಎದ್ದರೆ ಎಸ್ಟೇಟಿನ ಸಾಹುಕಾರರೂ ಸುಮ್ಮನಾಗಬೇಕು, ಲೆಕ್ಕ ಬರೆಯುವ ರೈಟರೂ ಸುಮ್ಮನಾಗಬೇಕು.

ನಮ್ಮಪ್ಪ ಮಲ್ಲಂದೂರು ಕಡೆಯ ಒಂದು ಎಸ್ಟೇಟಿನಲ್ಲಿ ಪಲ್ಪರ್ ನಡೆಸುತ್ತಿದ್ದ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಮೆಷಿನ್ನು ವರ್ಷವಿಡೀ ಸುಮ್ಮನಿದ್ದು ಸರಿಯಾಗಿ ಕುಯ್ಲಿನ ಹೊತ್ತಿಗೇ ಹಠ ಹಿಡಿಯುತ್ತಿತ್ತು. ಆಲ್ದೂರಿನಿಂದ ಕಾಕನನ್ನು ಕರೆಸುತ್ತಿದ್ದರು. ಅವರು ಕಿವಿ ಕೊಟ್ಟು ಕೇಳಿ, "ಇದಕ್ಕೆ ಎಂಥದೂ ಆಗ್ಲಿಲ್ಲ ಮಾರಾಯ. ನೀವು ಜಾಸ್ತಿ ತಿನ್ನಿಸಿದ್ದೀರಿ, ಅಜೀರ್ಣ" ಎಂದು ನಗುವರು. ನಾನು ಮಾತ್ರ ನಗದೆ ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದೆ. ಕಾಯಿಲೆ ಕಂಡುಹಿಡಿಯುವ ಕೆಲಸ ನನಗೂ ಬೇಕು ಅನ್ನಿಸಿದ್ದು ಆಗಲೇ ಇರಬೇಕು.

ಮಂಗಳೂರಿನಲ್ಲಿ ಮೂರೂವರೆ ವರ್ಷ ನರ್ಸಿಂಗ್ ಓದಿ ಎಂಬತ್ತೆರಡರಲ್ಲಿ ವಾಪಸ್ಸು ಬಂದೆ. ಆಲ್ದೂರಿನಲ್ಲಿ ಬಸ್ಸಿಳಿದವಳು ಮನೆಗೂ ಹೋಗದೆ ಎದುರಿನ ಕಾಕನ ಗ್ಯಾರೇಜಿಗೆ ಸರ್ಟಿಫಿಕೇಟು ಹಿಡಿದುಕೊಂಡು ಓಡಿದೆ. ಕಾಕ ಸೀಮೆಎಣ್ಣೆಯಲ್ಲಿ ಕೈ ತೊಳೆದರು, ಸೋಪಿನಲ್ಲಿ ತೊಳೆದರು, ಬಟ್ಟೆಯಲ್ಲಿ ಒರೆಸಿಕೊಂಡರು. ಆದರೂ ಮುಟ್ಟಲಿಲ್ಲ.

"ನೀನೇ ಹಿಡ್ಕೋ ಮಗಳೇ, ನಾನು ನೋಡ್ತೇನೆ."

ನೋಡಿದರು. ಓದಲು ಬರುತ್ತಿತ್ತೋ ಇಲ್ಲವೋ, ಮೊಹರನ್ನಂತೂ ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆಯತ್ತ ಕೈ ತೋರಿಸಿ, "ನಂದೂ ಉಂಟು ನೋಡು, ಸರ್ಟಿಫಿಕೇಟು" ಎಂದರು.

ಗೋಡೆಗೆ ಎರಡು ಮೊಳೆ ಹೊಡೆದು ಒಂದು ತಂತಿ ಬಿಗಿದಿತ್ತು. ಅದರಲ್ಲಿ ಹಲ್ಲು ಮುರಿದ ಚಕ್ರ, ಸೀಳಿದ ಬುಷ್ಷು, ಸುಟ್ಟ ವಾಷರುಗಳು ನೇತಾಡುತ್ತಿದ್ದವು. ಗುಜರಿ ಎಂದುಕೊಂಡಿದ್ದೆ. ಅಲ್ಲ, ಅವೆಲ್ಲ ಕಾಕ ತಮ್ಮದೇ ತಪ್ಪಿನಿಂದ ಹಾಳು ಮಾಡಿದ ಭಾಗಗಳು. "ಇದು ಕಳಸದ ಎಸ್ಟೇಟಿಂದು, ಬಿಗಿ ಮಾಡಿದ್ದು ಜಾಸ್ತಿಯಾಯ್ತು. ಇದು ಮೂಡಿಗೆರೆ ಜೀಪಿಂದು, ಊಟಕ್ಕೆ ಹೊತ್ತಾಯ್ತು ಅಂತ ಅರ್ಜೆಂಟು ಮಾಡಿದೆ."

"ಹಾಳಾದದ್ದನ್ನ ಯಾರಾದ್ರೂ ತೂಗು ಹಾಕ್ತಾರಾ ಕಾಕ?"

"ಸರಿ ಮಾಡಿದ್ದೆಲ್ಲ ಅವರವರ ಮನೆಗೆ ಹೋಯ್ತಲ್ಲ ಮಾರಾಯ್ತಿ. ನನ್ನ ಹತ್ರ ಉಳಿದದ್ದು ಇಷ್ಟೇ."

ಕೆಲಸ ಹುಡುಕಲು ಹೊರಟೆ. ನನಗೆ ಬೇಕಿದ್ದದ್ದು ಆಪರೇಶನ್ ಥಿಯೇಟರ್, ಬೇರೆ ಯಾವುದೂ ಅಲ್ಲ. ಓದುವಾಗ ಆರು ವಾರ ಅಲ್ಲಿದ್ದೆ. ಸರ್ಜನ್ನರು ತಿರುಗಿಯೂ ನೋಡದೆ ಕೈ ಚಾಚಿದಾಗ ಕೇಳುವ ಮೊದಲೇ ಕತ್ತರಿ ಇಡುತ್ತಿದ್ದ ಸಿಸ್ಟರನ್ನು ಕಂಡ ದಿನವೇ ಹುಚ್ಚು ಹಿಡಿದಿತ್ತು. ಆದರೆ ಹೋದ ಕಡೆಯಲ್ಲೆಲ್ಲ ಒಂದೇ ಮಾತು: ಹೊಸಬರು ವಾರ್ಡಿಗೆ, ಥಿಯೇಟರಿಗೆ ಅನುಭವ ಬೇಕು. ಥಿಯೇಟರಿಗೆ ಬಿಡದೆ ಅನುಭವ ಎಲ್ಲಿಂದ ತರುವುದು? ನನಗೆ ಮೊದಲೇ ಬಾಯಿ ಜಾಸ್ತಿ, ಒಂದು ಕಡೆ ಇದನ್ನು ಕೇಳಿಯೂ ಬಿಟ್ಟೆ. ಬಾಗಿಲು ತೋರಿಸಿದರು.

"ಚಿಕ್ಕಮಗಳೂರಲ್ಲಿ ಒಬ್ರು ಡಾಕ್ಟ್ರು ಹೊಸ ನರ್ಸಿಂಗ್ ಹೋಮ್ ಮಾಡ್ತಿದ್ದಾರೆ," ಎಂದರು ಕಾಕ. "ಅವರ ಆಟೋಕ್ಲೇವಿನ ರಿಪೇರಿ ನನ್ನ ಕೈಯಲ್ಲೇ ಉಂಟು. ನಾಳೆ ಬಾ."

ಆಟೋಕ್ಲೇವ್ ಎಂದರೆ ಆಪರೇಶನ್ನಿನ ಬಟ್ಟೆಬರೆಯನ್ನು ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ಪಾತ್ರೆ, ಪ್ರೆಷರ್ ಕುಕ್ಕರಿನ ದೊಡ್ಡಣ್ಣ. ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ಬಸ್ಸಿನಲ್ಲಿ ಕಾಕನ ಟೂಲ್ ಬ್ಯಾಗನ್ನು ಸೀಟಿನಲ್ಲಿ ಕೂರಿಸಿ ನಾನು ನಿಂತೇ ಹೋದೆ. ಸೀರೆ ಸುಕ್ಕಾಗಬಾರದಲ್ಲ.

ಡಾಕ್ಟರು ನನ್ನ ಫೈಲನ್ನು ಒಂದು ನಿಮಿಷವೂ ನೋಡಲಿಲ್ಲ. "ವಾರ್ಡಿಗಾದ್ರೆ ಇವತ್ತೇ ಸೇರಿಕೊಳ್ಳಿ. ಥಿಯೇಟರಿಗೆ ಅನುಭವ ಇರೋರು ಬೇಕು, ಪೇಪರಿಗೆ ಜಾಹೀರಾತು ಕೊಟ್ಟಿದ್ದೀನಿ."

ಕಾಕ ನನ್ನ ಪರವಾಗಿ ಒಂದು ಮಾತೂ ಹೇಳಲಿಲ್ಲ. ಬೋಲ್ಟು ತಿರುಗಿಸುತ್ತಲೇ ಕೇಳಿದರು, "ಸಾರ್, ಈ ಮೆಷಿನ್ನು ಗುರುವಾರ ರೆಡಿ ಆಗ್ತದೆ. ಪೇಪರ್ ನೋಡಿ ಯಾರಾದ್ರೂ ಬರೋ ತನಕ ಇದನ್ನ ನಡೆಸೋದು ಯಾರು?"

ಡಾಕ್ಟರು ನನ್ನನ್ನು ಮತ್ತೊಮ್ಮೆ ನೋಡಿದರು. "ಮೂರು ಆಪರೇಶನ್ ನೋಡ್ತೀನಿ. ಸರಿ ಹೋಗದಿದ್ರೆ ವಾರ್ಡು. ಆಮೇಲೆ ಅಳಬಾರದು."

ನಾನು ಅಳುವುದೇ? ಖುಷಿಯಲ್ಲಿ ನೆಲ ಕಾಣುತ್ತಿರಲಿಲ್ಲ. ಗುರುವಾರದವರೆಗೆ ಕಾಕನ ಜೊತೆ ಆ ಮೆಷಿನ್ನಿನ ಪಕ್ಕವೇ ಇದ್ದೆ. "ಒಳಗಿನ ಗಾಳಿ ಪೂರಾ ಹೋಗೋ ತನಕ ಪ್ರೆಷರಿನ ಮುಳ್ಳು ಹೇಳೋದು ಸುಳ್ಳು. ಅದನ್ನ ನಂಬಬೇಡ, ಹಬೆಯ ಸದ್ದು ಕೇಳು" ಎಂದು ಅವರು ಕಲಿಸಿದರು. ನಾನೂ ಬಿಡಲಿಲ್ಲ, ಅವರಿಗೆ ಡ್ರಮ್ಮಿನ ಪಾಠ ಮಾಡಿದೆ. ಬಟ್ಟೆ ತುಂಬುವ ಸ್ಟೀಲಿನ ಡ್ರಮ್ಮಿಗೆ ಸುತ್ತಲೂ ತೂತು, ತೂತಿನ ಮೇಲೆ ಜಾರುವ ಪಟ್ಟಿ. ಒಳಗಿಡುವಾಗ ಪಟ್ಟಿ ಸರಿಸಿ ಕಿಟಕಿ ತೆರೆದಿಡಬೇಕು, ಹಬೆ ಬಟ್ಟೆಗೆ ತಾಗಬೇಕಲ್ಲ. ಹೊರಗೆ ತೆಗೆದ ತಕ್ಷಣ ಕಟಕ್ ಎಂದು ಮುಚ್ಚಬೇಕು. "ತೆರೆಯೋಕೆ ಮರೆತ್ರೆ?" ಎಂದು ಕಾಕ ಕೇಳಿದರು. "ಅದನ್ನ ಯಾರು ಮರೀತಾರೆ ಕಾಕ" ಎಂದೆ, ದೊಡ್ಡ ಮೇಧಾವಿಯ ಹಾಗೆ.

ಮೊದಲ ಎರಡು ಆಪರೇಶನ್ ಹೂವೆತ್ತಿದಂತೆ ಆದವು. ಡಾಕ್ಟರು ಕೈ ಚಾಚಿದರು, ನಾನು ಇಟ್ಟೆ. ಎರಡನೆಯ ದಿನ ಕೇಳುವ ಮೊದಲೇ ಇಟ್ಟೆ. ಅವತ್ತು ಬಸ್ಸಿನ ಕಂಡಕ್ಟರನಿಗೂ ಅದನ್ನು ಹೇಳಿದೆ.

ಮೂರನೆಯದು ಒಬ್ಬ ಮೇಸ್ತ್ರಿಯವರ ಹರ್ನಿಯಾ. ಅವರನ್ನು ಮೇಜಿನ ಮೇಲೆ ಮಲಗಿಸಿಯಾಗಿತ್ತು, ಮರಗಟ್ಟಿಸುವ ಇಂಜೆಕ್ಷನ್ ಇನ್ನೂ ಕೊಟ್ಟಿರಲಿಲ್ಲ. ಡಾಕ್ಟರು ಕೈ ತೊಳೆಯುತ್ತಿದ್ದರು. ಗೌನಿನ ಡ್ರಮ್ಮಿಗೆ ಕೈ ಹಾಕಿದವಳು ಅಲ್ಲೇ ತಡೆದೆ. ಹಿಂದಿನ ಸಂಜೆ ಆಟೋಕ್ಲೇವಿನಿಂದ ತೆಗೆದದ್ದು ಮೂರು ಡ್ರಮ್ಮು. ಕಿವಿಯಲ್ಲಿ ಉಳಿದದ್ದು ಎರಡೇ ಕಟಕ್. ಈ ಗೌನಿನ ಡ್ರಮ್ಮಿನ ಕಿಟಕಿ ಮುಚ್ಚಿದ ನೆನಪೇ ಇಲ್ಲ, ಈಗ ನೋಡಿದರೆ ಮುಚ್ಚಿಯೇ ಇದೆ. ಅಂದರೆ ಅದು ಮುಚ್ಚಿಕೊಂಡೇ ಒಳಗೆ ಹೋಗಿತ್ತು. ಹಬೆ ಆ ಬಟ್ಟೆಯನ್ನು ಮುಟ್ಟಿಲ್ಲ.

ಹೊರಗಿನಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಳ್ಳು ಯಾಕೆ, ಒಂದು ಕ್ಷಣ ಸುಮ್ಮನಿದ್ದುಬಿಡಲೇ ಅನ್ನಿಸಿತು. ಇದೊಂದು ಮುಗಿದರೆ ಕೆಲಸ ನನ್ನದು.

"ಸಾರ್, ಗೌನಿನ ಡ್ರಮ್ಮು ಬೆಂದಿಲ್ಲ," ಎಂದೆ.

"ಖಂಡಿತವಾಗಿ ಹೇಳ್ತೀರಾ?"

"ಖಂಡಿತ ಅಂತ ಹೇಗೆ ಹೇಳಲಿ ಸಾರ್. ಮೂರು ಸಲ ಕಟಕ್ ಅನ್ನಬೇಕಿತ್ತು, ಎರಡೇ ಸಲ ಕೇಳಿದ್ದು."

"ಅಷ್ಟಕ್ಕೇ ಕೇಸು ನಿಲ್ಲಿಸಬೇಕಾ?"

"ನಿಲ್ಲಿಸಬೇಕು ಸಾರ್."

ಮೇಸ್ತ್ರಿಯವರನ್ನು ವಾರ್ಡಿಗೆ ವಾಪಸ್ಸು ಕಳಿಸಿದರು. ಡಾಕ್ಟರು ಮುಖದ ಮಾಸ್ಕು ಕಿತ್ತೆಸೆದು ಹೊರಟುಹೋದರು. ವಾಲ್ವು ನೋಡಲು ಬಂದಿದ್ದ ಕಾಕ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಡ್ರಮ್ಮನ್ನು ಮತ್ತೆ ಬೇಯಲು ಇಟ್ಟು ಅವರ ಪಕ್ಕ ಕುಳಿತೆ. ಅಳಬಾರದೆಂಬ ಕರಾರು ನೆನಪಿತ್ತು. ಆದರೂ ನಡೆದದ್ದು ಹೇಳುತ್ತಾ ಅತ್ತೆ.

ಕಾಕ ಕೈ ಚಾಚಿದರು. "ಆ ಡ್ರಮ್ಮಿನ ಮೇಲೆ ಚೀಟಿ ಕಟ್ಟಿರ್ತದಲ್ಲ, ಅದನ್ನ ಕೊಡು" ಎಂದರು. ಬೇಯಲು ಇಡುವಾಗ ಬಿಚ್ಚಿಕೊಂಡದ್ದು ಕೈಯಲ್ಲೇ ಇತ್ತು, ಕೊಟ್ಟೆ. ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಎಂಥಕ್ಕೆ ಕಾಕ?"

"ತಂತಿಗೆ. ಈಗ ನೀನೂ ಪಾಸು."

ಎರಡು ಗಂಟೆ ತಡವಾಗಿ ಹರ್ನಿಯಾ ಆಯಿತು. ಕೊನೆಯ ಹೊಲಿಗೆ ಹಾಕಿ ಡಾಕ್ಟರು ತಲೆ ಎತ್ತದೆ ಹೇಳಿದರು, "ಪೇಪರಿನವರಿಗೆ ಇನ್ನು ಜಾಹೀರಾತು ಬೇಡ ಅಂತ ಹೇಳ್ತೀನಿ. ನಾಳೆ ಏಳಕ್ಕೆ ಬನ್ನಿ, ಸಿಸ್ಟರ್." ಅಲ್ಲಿಯವರೆಗೆ ಅವರು ನನ್ನನ್ನು 'ಏನಮ್ಮಾ' ಎಂದೇ ಕರೆಯುತ್ತಿದ್ದರು. ಮೆಟ್ಟಿಲನ್ನು ಎರಡೆರಡು ಹಾರಿ ಇಳಿದೆ. ಆಲ್ದೂರಿನಲ್ಲಿ ಬಸ್ಸಿಳಿದು ಗ್ಯಾರೇಜಿಗೆ ಹೋದಾಗ ತಂತಿಯಲ್ಲಿ ಸೀಳಿದ ಬುಷ್ಷಿನ ಪಕ್ಕದಲ್ಲಿ 'ಗೌನ್' ಎಂದು ನನ್ನ ಅಕ್ಷರದ ಚೀಟಿ ಆಗಲೇ ತೂಗುತ್ತಿತ್ತು. ಮೊದಲ ಕೆಲಸದ ಆ ಸಂಭ್ರಮ ಆಮೇಲೆ ಯಾವ ಬಡ್ತಿಯಲ್ಲೂ ನನಗೆ ಸಿಗಲಿಲ್ಲ.

ಈಗ ಕಾಕ ಇಲ್ಲ. ಗ್ಯಾರೇಜಿದ್ದ ಕಡೆ ಗೊಬ್ಬರದ ಅಂಗಡಿಯಾಗಿದೆ, ತಂತಿ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ನಾನು ಅವರನ್ನು ಕೊನೆಯದಾಗಿ ಕಂಡದ್ದು ನಮ್ಮ ಥಿಯೇಟರಿನಲ್ಲೇ, ಎಂಬತ್ತೆಂಟರಲ್ಲಿ. ಭಾರ ಎತ್ತಿ ಎತ್ತಿ ಅವರಿಗೂ ಹರ್ನಿಯಾ ಆಗಿತ್ತು. ವಾಸಿಯಾಗಿ ಕರಾವಳಿಯ ಮಗಳ ಮನೆಗೆ ಹೋದವರು ಮತ್ತೆ ಘಟ್ಟ ಹತ್ತಲಿಲ್ಲ.

ಅವತ್ತು ಬೆಳಿಗ್ಗೆ ಬೇಯಿಸಿದ ಡ್ರಮ್ಮುಗಳನ್ನು ನಾನು ಪಕ್ಕದ ಕೋಣೆಯಲ್ಲಿ ಹೊರಗೆ ತೆಗೆಯುತ್ತಿದ್ದೆ. ಕಾಕ ಆಗಲೇ ಮೇಜಿನ ಮೇಲಿದ್ದರು. ಡಾಕ್ಟರು, "ಹೆದರಬೇಡಿ ಸಾಬ್ರೇ, ಸೊಂಟಕ್ಕೊಂದು ಇಂಜೆಕ್ಷನ್ನು ಅಷ್ಟೇ..." ಎಂದು ಶುರುಮಾಡಿದ್ದರು. ಮಾತು ಅಲ್ಲೇ ನಿಂತಿತು. ಬಾಗಿಲಿನಿಂದ ಇಣುಕಿದೆ. ಕಾಕ ಕಣ್ಣು ಮುಚ್ಚಿ ಎಡಗೈ ಎತ್ತಿದ್ದರು. ಡಾಕ್ಟರು ಸುಮ್ಮನೆ ನಿಂತಿದ್ದರು.

ನಾನು ಒಂದೊಂದೇ ಕಿಟಕಿ ಮುಚ್ಚಿದೆ. ಕಟಕ್. ಕಟಕ್. ಕಟಕ್.

ಕೈ ಕೆಳಗಿಳಿಯಿತು. "ಮೂರು," ಎಂದರು ಕಾಕ. "ಇನ್ನು ಕುಯ್ಯಿರಿ ಸಾರ್."